ಸಮೀಕರಣ ಎಣಿಸುತ್ತದೆ, ತಕ್ಕಡಿ ತೂಗುತ್ತದೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ರಾಸಾಯನಿಕ ಸಮೀಕರಣವನ್ನು ಹಿಡಿದು ತೂಕ ಲೆಕ್ಕಹಾಕುವುದಕ್ಕೆ ಸಂಬಂಧಿಸಿದವು. ಪಠ್ಯಪುಸ್ತಕದಲ್ಲಿ ಇದಕ್ಕೆ ಸ್ಟಾಯ್ಕಿಯೋಮೆಟ್ರಿ ಎಂದು ಹೆಸರು. ಬರೆದವರಲ್ಲಿ ವಿದ್ಯಾರ್ಥಿಗಳ ಜೊತೆಗೆ ಅಡಿಕೆ ಬೆಳೆಗಾರರೊಬ್ಬರು, ಗೃಹಿಣಿಯೊಬ್ಬರು ಮತ್ತು ಸುಣ್ಣ ಸುಡುವ ಕುಟುಂಬದವರೊಬ್ಬರು ಇರುವುದು ನನಗೆ ಬಹಳ ಸಂತೋಷ ತಂದಿದೆ. ಕೆಳಗಿನ ಎಲ್ಲ ಲೆಕ್ಕಗಳಲ್ಲಿ ಪರಮಾಣು ರಾಶಿಯನ್ನು ಜಲಜನಕಕ್ಕೆ 1, ಇಂಗಾಲಕ್ಕೆ 12, ಸಾರಜನಕಕ್ಕೆ 14, ಆಮ್ಲಜನಕಕ್ಕೆ 16, ಗಂಧಕಕ್ಕೆ 32, ಕ್ಯಾಲ್ಸಿಯಂಗೆ 40, ಕಬ್ಬಿಣಕ್ಕೆ 56 ಮತ್ತು ತಾಮ್ರಕ್ಕೆ 63.5 ಎಂದು ಹಿಡಿದಿದ್ದೇನೆ.

ಪ್ರಶ್ನೆ: ಎರಡು ಜಲಜನಕ, ಒಂದು ಆಮ್ಲಜನಕ ಸೇರಿ ಎರಡು ನೀರು ಆಗುತ್ತದೆ ಎಂದು ಸಮೀಕರಣ ಹೇಳುತ್ತದೆ. ಹಾಗಾದರೆ 10 ಗ್ರಾಂ ಜಲಜನಕಕ್ಕೆ 5 ಗ್ರಾಂ ಆಮ್ಲಜನಕ ಸಾಕಲ್ಲವೇ? ಪರೀಕ್ಷೆಯಲ್ಲಿ ಹೀಗೆ ಬರೆದದ್ದಕ್ಕೆ ಸೊನ್ನೆ ಅಂಕ ಬಂತು, ಉತ್ತರ 80 ಗ್ರಾಂ ಅಂತೆ. ಅಲ್ಲದೆ ಎರಡು ಮತ್ತು ಒಂದು ಸೇರಿದರೆ ಮೂರಾಗಬೇಕಲ್ಲವೇ, ಎರಡು ಹೇಗಾಯಿತು?
– ಹತ್ತನೇ ತರಗತಿಯ ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಎರಡನೇ ಪ್ರಶ್ನೆಯನ್ನು ಮೊದಲು ನೋಡೋಣ, ಏಕೆಂದರೆ ಅದು ಬಹಳ ಒಳ್ಳೆಯ ಪ್ರಶ್ನೆ. ಸಮೀಕರಣದ ಎಡಕ್ಕೂ ಬಲಕ್ಕೂ ಸಮವಾಗಬೇಕಾದದ್ದು ಅಣುಗಳ ಸಂಖ್ಯೆಯಲ್ಲ, ಪರಮಾಣುಗಳ ಸಂಖ್ಯೆ. ಎಡಗಡೆ ಜಲಜನಕದ ಎರಡು ಅಣುಗಳಲ್ಲಿ ನಾಲ್ಕು ಪರಮಾಣುಗಳು, ಆಮ್ಲಜನಕದ ಒಂದು ಅಣುವಿನಲ್ಲಿ ಎರಡು ಪರಮಾಣುಗಳು. ಬಲಗಡೆ ನೀರಿನ ಎರಡು ಅಣುಗಳಲ್ಲಿಯೂ ಅದೇ ನಾಲ್ಕು, ಅದೇ ಎರಡು. ಮೂರು ಗುಂಪಾಗಿ ಬಂದವರು ಎರಡು ಗುಂಪಾಗಿ ಹೋದರು, ತಲೆ ಎಣಿಸಿದರೆ ಬಂದಷ್ಟೇ ಜನ ಇದ್ದಾರೆ. ರಾಸಾಯನಿಕ ಕ್ರಿಯೆಯಲ್ಲಿ ರಾಶಿ ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ ಎಂದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೇ 1789ರಲ್ಲಿ ಸ್ಪಷ್ಟವಾಗಿ ಬರೆದ ಮಾತಿನ ಅರ್ಥವೂ ಇದೇ.

ಈಗ ಗ್ರಾಂಗಳ ವಿಷಯ. ನಮ್ಮಲ್ಲಿ ತಾಂಬೂಲ ಕೊಡುವಾಗ ಎರಡು ವೀಳ್ಯದೆಲೆಗೆ ಒಂದು ಅಡಿಕೆ ಇಡುತ್ತೇವೆ. ಇದನ್ನು ಸಮೀಕರಣದಂತೆ ಬರೆದರೆ 2 ಎಲೆ + 1 ಅಡಿಕೆ → 1 ತಾಂಬೂಲ. ಇಲ್ಲಿನ 2 ಮತ್ತು 1 ಎಂಬುವು ಎಣಿಕೆಯ ಅಂಕೆಗಳು. ಯಾರಾದರೂ 2 ಕೆ.ಜಿ. ಎಲೆಗೆ 1 ಕೆ.ಜಿ. ಅಡಿಕೆ ತಂದರೆ ಮನೆಯ ಹಿರಿಯರು ಒಪ್ಪುವುದಿಲ್ಲ, ಏಕೆಂದರೆ ಒಂದು ಎಲೆಯ ತೂಕ ಬೇರೆ, ಒಂದು ಅಡಿಕೆಯ ತೂಕ ಬೇರೆ. ಎಲೆ 2 ಗ್ರಾಂ, ಅಡಿಕೆ 8 ಗ್ರಾಂ ಎಂದು ಇಟ್ಟುಕೊಂಡರೆ ಎಣಿಕೆಯಲ್ಲಿ 2ಕ್ಕೆ 1 ಇದ್ದದ್ದು ತೂಕದಲ್ಲಿ 4ಕ್ಕೆ 8 ಆಗುತ್ತದೆ. ಸಮೀಕರಣದ ಅಂಕೆಗಳನ್ನು ನೇರವಾಗಿ ಗ್ರಾಂ ಎಂದು ಓದಿದ್ದೇ ನಿಮ್ಮ ತಪ್ಪು. ಇದೇ ತಪ್ಪನ್ನು ನಾನು ತಿದ್ದಿದ ನೂರಾರು ಉತ್ತರಪತ್ರಿಕೆಗಳಲ್ಲಿ ಕಂಡಿದ್ದೇನೆ. ಇದು ದಡ್ಡತನದ ತಪ್ಪಲ್ಲ, ಯಾರೂ ಬಿಡಿಸಿ ಹೇಳದೆ ಉಳಿದ ತಪ್ಪು.

ಅಂಗಡಿಯವರು ವೀಳ್ಯದೆಲೆಯನ್ನು ಕಟ್ಟಿನ ಲೆಕ್ಕದಲ್ಲಿ ಮಾರುವಂತೆ ರಸಾಯನಶಾಸ್ತ್ರದಲ್ಲಿ ಅಣುಗಳನ್ನು ಮೋಲ್ ಎಂಬ ಕಟ್ಟಿನಲ್ಲಿ ಎಣಿಸುತ್ತೇವೆ. ಅಣು ಅತಿ ಚಿಕ್ಕದಾದ್ದರಿಂದ ಕಟ್ಟು ಅತಿ ದೊಡ್ಡದು. 602214076 ಎಂದು ಬರೆದು ಅದರ ಮುಂದೆ 15 ಸೊನ್ನೆಗಳನ್ನು ಇಟ್ಟರೆ ಎಷ್ಟಾಗುತ್ತದೆಯೋ ಅಷ್ಟು ಕಣಗಳ ಸಮೂಹಕ್ಕೆ ಒಂದು ಮೋಲ್ ಎಂದು ಹೆಸರು. 2019ರ ಮೇ 20ರಿಂದ ಮೋಲಿನ ವ್ಯಾಖ್ಯೆಯೇ ಇದಾಗಿದೆ. ಈ ಸಂಖ್ಯೆಯನ್ನು ಆರಿಸಿದ್ದರಲ್ಲಿ ಒಂದು ದೊಡ್ಡ ಅನುಕೂಲವಿದೆ: ಯಾವ ವಸ್ತುವಿನ ಅಣುರಾಶಿ (ಒಂದು ಅಣುವಿನಲ್ಲಿರುವ ಎಲ್ಲ ಪರಮಾಣುಗಳ ರಾಶಿಯ ಮೊತ್ತ) ಎಷ್ಟೋ ಅದರ ಒಂದು ಮೋಲ್ ಅಷ್ಟೇ ಗ್ರಾಂ ತೂಗುತ್ತದೆ. ಜಲಜನಕದ ಒಂದು ಮೋಲ್ 2 ಗ್ರಾಂ, ಆಮ್ಲಜನಕದ್ದು 32 ಗ್ರಾಂ, ನೀರಿನದು 18 ಗ್ರಾಂ.

ನಿಮ್ಮ ಲೆಕ್ಕವನ್ನು ಈಗ ಹೀಗೆ ಬರೆಯಿರಿ. 10 ಗ್ರಾಂ ಜಲಜನಕವೆಂದರೆ 5 ಮೋಲ್. ಸಮೀಕರಣದ ಪ್ರಕಾರ 2 ಮೋಲ್ ಜಲಜನಕಕ್ಕೆ 1 ಮೋಲ್ ಆಮ್ಲಜನಕ ಬೇಕಾದ್ದರಿಂದ 5 ಮೋಲಿಗೆ 2.5 ಮೋಲ್ ಬೇಕು. 2.5 ಮೋಲ್ ಆಮ್ಲಜನಕದ ತೂಕ 80 ಗ್ರಾಂ. ಉಂಟಾಗುವ ನೀರು 5 ಮೋಲ್, ಅಂದರೆ 90 ಗ್ರಾಂ. ಕೊನೆಗೆ ತಾಳೆ ನೋಡಿ: 10 ಮತ್ತು 80 ಸೇರಿ 90. ಈ ತಾಳೆ ನೋಡುವ ಅರ್ಧ ನಿಮಿಷವನ್ನು ದಯವಿಟ್ಟು ಯಾವ ಪರೀಕ್ಷೆಯಲ್ಲಿಯೂ ಬಿಡಬೇಡಿ. ಗ್ರಾಂನಿಂದ ಮೋಲಿಗೆ ಇಳಿಯುವುದು, ಸಮೀಕರಣ ಹೇಳಿದ ಪ್ರಮಾಣದಲ್ಲಿ ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವುದು, ಮತ್ತೆ ಗ್ರಾಂಗೆ ಏರುವುದು, ಇಷ್ಟೇ ದಾರಿ. ನಡುವಿನ ದಾಟನ್ನು ಮಾತ್ರ ಸಮೀಕರಣ ತೋರಿಸುತ್ತದೆ, ಏರಿಳಿತ ಅಣುರಾಶಿಯ ಕೆಲಸ.

ಸ್ಟಾಯ್ಕಿಯೋಮೆಟ್ರಿ ಎಂಬ ಹೆಸರನ್ನು ಜರ್ಮನಿಯ ಯೆರೆಮಿಯಾಸ್ ರಿಕ್ಟರ್ 1792ರಲ್ಲಿ ಬಳಕೆಗೆ ತಂದರು. ಮೂಲವಸ್ತು ಮತ್ತು ಅಳತೆ ಎಂಬ ಅರ್ಥದ ಎರಡು ಗ್ರೀಕ್ ಪದಗಳು ಅದರಲ್ಲಿವೆ. ಉಚ್ಚಾರಣೆಗೆ ಹೆದರಿ ಪಾಠಕ್ಕೇ ಹೆದರುವ ಮಕ್ಕಳನ್ನು ನೋಡಿರುವುದರಿಂದ ಇದನ್ನು ಹೇಳಿದೆ. ಹೆಸರಿನ ಅರ್ಥ ಮೂಲವಸ್ತುಗಳ ಅಳತೆ, ಅಷ್ಟೇ.

ಪ್ರಶ್ನೆ: ಸಮೀಕರಣವನ್ನು ಸರಿದೂಗಿಸುವಾಗ ಅಣುಸೂತ್ರದ ಕೆಳಗಿನ ಸಣ್ಣ ಅಂಕೆಯನ್ನು ಬದಲಿಸಬಾರದು ಎನ್ನುತ್ತಾರೆ. ಬದಲಿಸಿದರೆ ಏನು ತೊಂದರೆ, ಎರಡೂ ಕಡೆ ಸಮವಾದರೆ ಸಾಲದೇ?
– ಒಂಬತ್ತನೇ ತರಗತಿಯ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಸಾಲದು. ಸಣ್ಣ ಅಂಕೆ ವಸ್ತುವಿನ ಗುರುತು, ಮುಂದೆ ಬರೆಯುವ ದೊಡ್ಡ ಅಂಕೆ ಅದರ ಪ್ರಮಾಣ. ಜಲಜನಕದ ಒಂದು ಅಣು ಮತ್ತು ಆಮ್ಲಜನಕದ ಒಂದು ಅಣುವನ್ನು ಎಡಗಡೆ ಬರೆದು, ಸಮವಾಗಲೆಂದು ನೀರಿನ ಸೂತ್ರದಲ್ಲಿ ಆಮ್ಲಜನಕದ ಕೆಳಗೆ 2 ಎಂದು ಸೇರಿಸಿದರೆ ಅಂಕೆಗಳೇನೋ ಸಮವಾಗುತ್ತವೆ. ಆದರೆ ನೀವು ಬರೆದದ್ದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್, ಗಾಯ ತೊಳೆಯಲು ಔಷಧ ಅಂಗಡಿಯಲ್ಲಿ ನೀರಿನಲ್ಲಿ ಬೆರೆಸಿ ಮಾರುವ ವಸ್ತು. ಅದರ ಅಣುರಾಶಿ 34, ನೀರಿನದು 18. ಅಲ್ಲಿಂದ ಮುಂದಿನ ತೂಕದ ಲೆಕ್ಕವೆಲ್ಲ ತಪ್ಪು ದಾರಿ ಹಿಡಿಯುತ್ತದೆ. ಕಬ್ಬಿಣ ಆಮ್ಲಜನಕದೊಂದಿಗೆ ಸೇರುವ ಸಮೀಕರಣದಲ್ಲಿಯೂ ಹೀಗೆಯೇ: ಆಕ್ಸೈಡಿನಲ್ಲಿ ಎರಡು ಕಬ್ಬಿಣಕ್ಕೆ ಮೂರು ಆಮ್ಲಜನಕ ಎಂಬುದು ಪ್ರಕೃತಿಯ ತೀರ್ಮಾನ. ನಾವು ಮಾಡಬಹುದಾದದ್ದು 4 ಕಬ್ಬಿಣ, 3 ಆಮ್ಲಜನಕ, 2 ಆಕ್ಸೈಡ್ ಎಂದು ಮುಂದಿನ ಅಂಕೆಗಳನ್ನು ಹೊಂದಿಸುವುದು ಮಾತ್ರ.

ಪ್ರಶ್ನೆ: ಅಡುಗೆ ಅನಿಲದ 14.2 ಕೆ.ಜಿ. ಸಿಲಿಂಡರ್ ಉರಿದು ಮುಗಿದಾಗ 42 ಕೆ.ಜಿ.ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ ಎಂದು ಓದಿದೆ. ಇದ್ದದ್ದೇ 14 ಕೆ.ಜಿ., ಹೊರಬಂದದ್ದು ಅದರ ಮೂರು ಪಟ್ಟು. ಇದು ಅಚ್ಚಿನ ತಪ್ಪೇ?
– ಗೃಹಿಣಿ, ತುಮಕೂರು

ಉತ್ತರ: ಅಚ್ಚಿನ ತಪ್ಪಲ್ಲ, ಲೆಕ್ಕ ಸರಿಯಾಗಿದೆ. ಹೆಚ್ಚಾದ ತೂಕ ನಿಮ್ಮ ಅಡುಗೆಮನೆಯ ಗಾಳಿಯಿಂದ ಬಂದದ್ದು. ಸಿಲಿಂಡರಿನಲ್ಲಿ ಮುಖ್ಯವಾಗಿ ಪ್ರೋಪೇನ್ ಮತ್ತು ಬ್ಯುಟೇನ್ ಎಂಬ ಎರಡು ಅನಿಲಗಳಿರುತ್ತವೆ. ಲೆಕ್ಕ ಸುಲಭವಾಗಲೆಂದು ಪೂರ್ತಿ ಪ್ರೋಪೇನ್ ಎಂದೇ ಹಿಡಿಯೋಣ. ಅದರ ಒಂದು ಅಣುವಿನಲ್ಲಿ 3 ಇಂಗಾಲ, 8 ಜಲಜನಕ, ಆದ್ದರಿಂದ ಅಣುರಾಶಿ 44. ಅದು ಪೂರ್ಣವಾಗಿ ಉರಿಯುವ ಸಮೀಕರಣ ಹೀಗಿದೆ:

1 ಪ್ರೋಪೇನ್ + 5 ಆಮ್ಲಜನಕ → 3 ಇಂಗಾಲದ ಡೈಆಕ್ಸೈಡ್ + 4 ನೀರು

ಇಂಗಾಲದ ಡೈಆಕ್ಸೈಡಿನ ಅಣುರಾಶಿಯೂ 44. ಹಾಗಾಗಿ 44 ಗ್ರಾಂ ಪ್ರೋಪೇನಿನಿಂದ ಮೂರು ಸಲ 44 ಗ್ರಾಂ, ಅಂದರೆ ನೇರವಾಗಿ ಮೂರು ಪಟ್ಟು. 14.2 ಕೆ.ಜಿ.ಗೆ 42.6 ಕೆ.ಜಿ. ಪೂರ್ತಿ ಬ್ಯುಟೇನ್ ಎಂದು ಹಿಡಿದರೆ 43.1 ಕೆ.ಜಿ. ಬರುತ್ತದೆ. ನಿಜವಾದ ಸಿಲಿಂಡರ್ ಈ ಎರಡರ ನಡುವೆ ಎಲ್ಲೋ ಇರುತ್ತದೆ.

ಪ್ರೋಪೇನಿನ ಲೆಕ್ಕವನ್ನೇ ಮುಂದುವರಿಸಿದರೆ, ಬೇಕಾಗುವ ಆಮ್ಲಜನಕ 51.6 ಕೆ.ಜಿ., ಉಂಟಾಗುವ ನೀರು 23.2 ಕೆ.ಜಿ. ಒಳಗೆ ಹೋದದ್ದು 14.2 ಮತ್ತು 51.6, ಒಟ್ಟು 65.8. ಹೊರಗೆ ಬಂದದ್ದು 42.6 ಮತ್ತು 23.2, ಒಟ್ಟು ಅದೇ 65.8. ಆ ನೀರನ್ನು ನೀವು ಕಣ್ಣಾರೆ ನೋಡಿಯೂ ಇದ್ದೀರಿ. ತಣ್ಣೀರು ತುಂಬಿದ ಸ್ಟೀಲ್ ಪಾತ್ರೆಯನ್ನು ಒಲೆಯ ಮೇಲಿಟ್ಟ ಮೊದಲ ಅರ್ಧ ನಿಮಿಷದಲ್ಲಿ ಪಾತ್ರೆಯ ಹೊರಮೈ ಮಂಜಾಗಿ, ತಳದಂಚಿನಲ್ಲಿ ಸಣ್ಣ ಹನಿಗಳು ಕೂಡಿ, ಪಾತ್ರೆ ಬಿಸಿಯಾಗುತ್ತಿದ್ದಂತೆ ಆರಿಹೋಗುತ್ತವೆ. ಪಾತ್ರೆ ಸೋರುತ್ತಿದೆಯೇನೋ ಎಂದು ಅನುಮಾನಪಡುವವರಿದ್ದಾರೆ. ಅದು ಸಮೀಕರಣದ ಬಲಗಡೆಯ ನೀರು.

ತೂಕದಲ್ಲಿ ಗಾಳಿಯ ಕಾಲುಭಾಗಕ್ಕಿಂತ ತುಸು ಕಡಿಮೆ ಮಾತ್ರ ಆಮ್ಲಜನಕವಿರುವುದರಿಂದ ಒಂದು ಸಿಲಿಂಡರಿಗೆ ಸುಮಾರು 220 ಕೆ.ಜಿ. ಗಾಳಿ ಬೇಕು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಆರೂವರೆ ಕೋಣೆಗಳನ್ನು ತುಂಬುವಷ್ಟು ಗಾಳಿ ಅದು. ಕಿಟಕಿ ಮುಚ್ಚಿದ ಸಣ್ಣ ಸ್ನಾನಗೃಹದಲ್ಲಿ ಗ್ಯಾಸ್ ಗೀಸರ್ ಉರಿಸಿದಾಗ ಈ ಆಮ್ಲಜನಕ ಸಾಲದೆ ಹೋಗುತ್ತದೆ. ಆಗ ಸಮೀಕರಣವೇ ಬೇರೆಯಾಗುತ್ತದೆ: 2 ಪ್ರೋಪೇನ್ + 7 ಆಮ್ಲಜನಕ → 6 ಇಂಗಾಲದ ಮೊನಾಕ್ಸೈಡ್ + 8 ನೀರು. ಒಂದು ಪ್ರೋಪೇನಿಗೆ 5 ಬೇಕಿದ್ದ ಕಡೆ 3.5 ಮಾತ್ರ ಸಿಕ್ಕಾಗ ಹುಟ್ಟುವ ಈ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ. ಗೀಸರ್ ಇರುವ ಕೋಣೆಗೆ ಸದಾ ತೆರೆದಿರುವ ಗಾಳಿಕಿಂಡಿ ಇರಲೇಬೇಕು. ನಿಮ್ಮ ಮನೆಯಲ್ಲಿ ಇಲ್ಲವಾದರೆ ಇಂದೇ ಏರ್ಪಾಡು ಮಾಡಿ.

ಪ್ರಶ್ನೆ: ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪಿಯುಸಿ ವಿಜ್ಞಾನಕ್ಕೆ ಸೇರಿದ್ದೇನೆ. ಲಿಮಿಟಿಂಗ್ ರಿಯೇಜೆಂಟ್ ಲೆಕ್ಕ ತಲೆಗೆ ಹತ್ತುತ್ತಿಲ್ಲ. ಕೊಟ್ಟ ಎರಡು ತೂಕಗಳಲ್ಲಿ ಕಡಿಮೆ ಇರುವುದನ್ನೇ ಲಿಮಿಟಿಂಗ್ ಎಂದು ಬರೆಯುತ್ತೇನೆ, ಕೆಲವೊಮ್ಮೆ ಸರಿ ಬರುತ್ತದೆ, ಕೆಲವೊಮ್ಮೆ ಬರುವುದಿಲ್ಲ.
– ಪ್ರಥಮ ಪಿಯುಸಿ ವಿದ್ಯಾರ್ಥಿ, ಕೊಪ್ಪಳ ಜಿಲ್ಲೆ

ಉತ್ತರ: ಕೆಲವೊಮ್ಮೆ ಸರಿ ಬರುವುದೇ ನಿಮಗೆ ಆಗಿರುವ ತೊಂದರೆ. ಸದಾ ತಪ್ಪಾಗುತ್ತಿದ್ದರೆ ಈ ಅಡ್ಡದಾರಿಯನ್ನು ಎಂದೋ ಬಿಡುತ್ತಿದ್ದಿರಿ.

ತಾಂಬೂಲಕ್ಕೇ ಮರಳೋಣ. ನಿಮ್ಮಲ್ಲಿ 100 ಎಲೆ, 60 ಅಡಿಕೆ ಇವೆ. ಎಣಿಕೆಯಲ್ಲಿ ಅಡಿಕೆ ಕಡಿಮೆ. ಆದರೆ 60 ಅಡಿಕೆಗೆ 120 ಎಲೆ ಬೇಕು, ಅಷ್ಟಿಲ್ಲ. 50 ತಾಂಬೂಲ ಆಗುತ್ತಿದ್ದಂತೆ ಎಲೆ ತೀರಿತು, 10 ಅಡಿಕೆ ತಟ್ಟೆಯಲ್ಲಿ ಉಳಿಯಿತು. ಯಾವುದು ಕಡಿಮೆ ಇದೆ ಎಂದು ಕೇಳಬೇಡಿ, ಯಾವುದು ಮೊದಲು ತೀರುತ್ತದೆ ಎಂದು ಕೇಳಿ. ಲಿಮಿಟಿಂಗ್ ರಿಯೇಜೆಂಟ್ ಎಂದರೆ ಮೊದಲು ತೀರುವ ಪ್ರತಿವರ್ತಕ. ಇಂಗ್ಲಿಷ್ ಹೆಸರಿನ ಪಕ್ಕದಲ್ಲಿ ಈ ಮೂರು ಕನ್ನಡ ಪದಗಳನ್ನು ನೋಟ್ ಪುಸ್ತಕದಲ್ಲಿ ಬರೆದಿಡಿ. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆದರೂ ಯೋಚನೆಯನ್ನು ಕನ್ನಡದಲ್ಲಿ ಮಾಡಲು ಯಾರ ಅಡ್ಡಿಯೂ ಇಲ್ಲ, ಅದರಿಂದ ನಷ್ಟವೂ ಇಲ್ಲ.

ಅಮೋನಿಯಾ ತಯಾರಿಕೆಯನ್ನು ತೆಗೆದುಕೊಳ್ಳಿ. ಮಂಗಳೂರಿನ ಪಣಂಬೂರಿನ ಗೊಬ್ಬರ ಕಾರ್ಖಾನೆಯಲ್ಲಿ ಯೂರಿಯಾಕ್ಕೆ ಮೊದಲು ತಯಾರಾಗುವುದು ಇದೇ ಅಮೋನಿಯಾ.

1 ಸಾರಜನಕ + 3 ಜಲಜನಕ → 2 ಅಮೋನಿಯಾ

ಮೊದಲ ಸಂದರ್ಭದಲ್ಲಿ 56 ಕೆ.ಜಿ. ಸಾರಜನಕ, 9 ಕೆ.ಜಿ. ಜಲಜನಕ ಇವೆ ಎನ್ನಿ. ಸಾರಜನಕ 2000 ಮೋಲ್, ಜಲಜನಕ 4500 ಮೋಲ್. ಸಾರಜನಕವೆಲ್ಲ ಮುಗಿಯಬೇಕಾದರೆ 6000 ಮೋಲ್ ಜಲಜನಕ ಬೇಕು, ಇರುವುದು 4500. ಹಾಗಾಗಿ ಜಲಜನಕ ಮೊದಲು ತೀರುತ್ತದೆ. 4500 ಮೋಲ್ ಜಲಜನಕದಿಂದ 3000 ಮೋಲ್ ಅಮೋನಿಯಾ, ಅಂದರೆ 51 ಕೆ.ಜಿ. ಖರ್ಚಾದ ಸಾರಜನಕ 1500 ಮೋಲ್, ಅಂದರೆ 42 ಕೆ.ಜಿ., ಉಳಿದದ್ದು 14 ಕೆ.ಜಿ.

ಈಗ ಜಲಜನಕ ಅದೇ 9 ಕೆ.ಜಿ. ಇರಲಿ, ಸಾರಜನಕವನ್ನು ಮಾತ್ರ 28 ಕೆ.ಜಿ.ಗೆ ಇಳಿಸಿ. ಈಗಲೂ ತೂಕದಲ್ಲಿ ಜಲಜನಕವೇ ಕಡಿಮೆ, 28ರ ಎದುರು 9. ಆದರೆ ಸಾರಜನಕ ಈಗ 1000 ಮೋಲ್, ಅದಕ್ಕೆ ಬೇಕಾದ ಜಲಜನಕ 3000 ಮೋಲ್ ಮಾತ್ರ, ಇರುವುದು 4500. ಮೊದಲು ತೀರುವುದು ಸಾರಜನಕ. ಅಮೋನಿಯಾ 2000 ಮೋಲ್, 34 ಕೆ.ಜಿ., ಉಳಿದ ಜಲಜನಕ 3 ಕೆ.ಜಿ. ಅದೇ 9 ಕೆ.ಜಿ. ಜಲಜನಕ ಒಮ್ಮೆ ಸಾಲದಾಯಿತು, ಒಮ್ಮೆ ಮಿಕ್ಕಿತು. ಎರಡೂ ಲೆಕ್ಕಗಳಲ್ಲಿ ಒಟ್ಟು ತೂಕವನ್ನು ನೀವೇ ತಾಳೆ ನೋಡಿ, 65ಕ್ಕೆ 65, 37ಕ್ಕೆ 37 ಬರಬೇಕು. ಕಾರ್ಖಾನೆಯಲ್ಲಿ ಈ ಕ್ರಿಯೆ ಒಂದೇ ಸುತ್ತಿನಲ್ಲಿ ಪೂರ್ಣವಾಗುವುದಿಲ್ಲ. ಅಮೋನಿಯಾವನ್ನು ತಂಪುಮಾಡಿ ಬೇರ್ಪಡಿಸಿ, ಉಳಿದ ಅನಿಲಗಳನ್ನು ಮತ್ತೆ ಮತ್ತೆ ಒಳಗೆ ಕಳಿಸುತ್ತಾರೆ. ಪಠ್ಯದ ಲೆಕ್ಕ ಹೇಳುವುದು ಗರಿಷ್ಠ ಎಷ್ಟು ಸಾಧ್ಯ ಎಂಬುದನ್ನು.

ಪ್ರಶ್ನೆ: ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ ಎಂಬುದು ನಮ್ಮ ತಂದೆಯ ಕಾಲದಿಂದ ಬಂದ ಲೆಕ್ಕ. ಪಿಯುಸಿ ಓದುವ ಮಗಳು ಸಮೀಕರಣ ಬರೆದು, 300 ಗ್ರಾಂ ಸುಣ್ಣ ಸಾಕು, ಉಳಿದದ್ದು ದಂಡ ಎನ್ನುತ್ತಾಳೆ. ಯಾರ ಮಾತು ಸರಿ?
– ಅಡಿಕೆ ಬೆಳೆಗಾರರು, ಸಾಗರ ತಾಲ್ಲೂಕು

ಉತ್ತರ: ಈ ಪತ್ರವನ್ನು ನಾನು ಎರಡು ಸಲ ಓದಿದೆ. ತೋಟದ ಡ್ರಮ್ಮಿನ ಪಕ್ಕ ನಿಂತು ಸಮೀಕರಣ ಬರೆಯುವ ಮಗಳು ನಿಮಗಿದ್ದಾಳೆ ಎಂಬುದು ದೊಡ್ಡ ಸಂಗತಿ. ಅವಳ ಲೆಕ್ಕವನ್ನು ಮೊದಲು ಪರಿಶೀಲಿಸೋಣ.

1 ಮೈಲುತುತ್ತ + 1 ಅರಳಿದ ಸುಣ್ಣ (ಕ್ಯಾಲ್ಸಿಯಂ ಹೈಡ್ರಾಕ್ಸೈಡ್) → 1 ತಾಮ್ರದ ಹೈಡ್ರಾಕ್ಸೈಡ್ + 1 ಕ್ಯಾಲ್ಸಿಯಂ ಸಲ್ಫೇಟ್

ಅಂಗಡಿಯಿಂದ ತರುವ ನೀಲಿ ಹರಳಿನ ಪ್ರತಿ ತಾಮ್ರದ ಸಲ್ಫೇಟಿಗೆ ಐದು ನೀರಿನ ಅಣುಗಳು ಅಂಟಿಕೊಂಡಿರುತ್ತವೆ, ಅವನ್ನೂ ತೂಕಕ್ಕೆ ಸೇರಿಸಬೇಕು. ಆಗ ಒಂದು ಮೋಲ್ ಹರಳು 249.5 ಗ್ರಾಂ ಆಗುತ್ತದೆ. ಆ ನೀರನ್ನು ಮರೆತು 159.5 ಎಂದು ಬರೆಯುವುದು ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ನಿಮ್ಮ ಮಗಳು ಅದನ್ನು ಮಾಡಿಲ್ಲ. 1 ಕೆ.ಜಿ. ಹರಳೆಂದರೆ ಸುಮಾರು 4 ಮೋಲ್. ಒಂದಕ್ಕೆ ಒಂದರಂತೆ 4 ಮೋಲ್ ಅರಳಿದ ಸುಣ್ಣ ಬೇಕು, ಒಂದು ಮೋಲಿಗೆ 74 ಗ್ರಾಂನಂತೆ 296 ಗ್ರಾಂ. ನೀರು ಹಾಕಿ ಅರಳಿಸದ ಸುಟ್ಟ ಸುಣ್ಣವಾದರೆ (ಕ್ಯಾಲ್ಸಿಯಂ ಆಕ್ಸೈಡ್) 56ರಂತೆ 224 ಗ್ರಾಂ ಸಾಕು. ನಿಜವಾಗಿ ಡ್ರಮ್ಮಿನಲ್ಲಿ ಶುದ್ಧ ಹೈಡ್ರಾಕ್ಸೈಡ್ ಅಷ್ಟೇ ಉಂಟಾಗುವುದಿಲ್ಲ, ಸಲ್ಫೇಟನ್ನು ಒಳಗಿಟ್ಟುಕೊಂಡ ತಾಮ್ರದ ಕ್ಷಾರೀಯ ಲವಣಗಳೂ ಉಂಟಾಗುತ್ತವೆ. 4 ತಾಮ್ರಕ್ಕೆ 3 ಸುಣ್ಣ ಸಾಕಾಗುವ ಅಂಥ ಲವಣವನ್ನು ಹಿಡಿದರೆ 222 ಗ್ರಾಂ ಅರಳಿದ ಸುಣ್ಣಕ್ಕೇ ಕೆಲಸ ಮುಗಿಯಬೇಕು. ಹಾಗಾಗಿ ಕಾಗದದ ಮೇಲೆ ಮಗಳ ಮಾತು ಪೂರ್ತಿ ಸರಿ.

ಆದರೆ ಆ 296 ಗ್ರಾಂ ಯಾವ ಸುಣ್ಣ ಎಂದು ಕೇಳಬೇಕು. ಸಮೀಕರಣಕ್ಕೆ ಗೊತ್ತಿರುವುದು ಶುದ್ಧ ಸುಣ್ಣ ಮಾತ್ರ. ನಿಮ್ಮ ಚೀಲದ ಸುಣ್ಣದಲ್ಲಿ ಸರಿಯಾಗಿ ಬೇಯದ ಕಲ್ಲಿನ ಚೂರು, ಮರಳು, ಬೂದಿ ಇರುತ್ತವೆ. ಇನ್ನೂ ಮುಖ್ಯವಾದದ್ದು, ಮಳೆಗಾಲದ ಹಸಿ ಗಾಳಿಯಲ್ಲಿ ಬಾಯಿ ತೆರೆದಿಟ್ಟ ಚೀಲದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೋನೇಟ್, ಅಂದರೆ ಸುಡುವ ಮೊದಲಿದ್ದ ಕಲ್ಲಿನ ಸ್ಥಿತಿಗೇ ಮರಳುತ್ತದೆ. 74 ಗ್ರಾಂ ಅರಳಿದ ಸುಣ್ಣ ಹೀಗೆ 100 ಗ್ರಾಂ ಆಗುತ್ತದೆ. 1 ಕೆ.ಜಿ. ಪೂರ್ತಿ ಹಾಳಾದರೆ ತಕ್ಕಡಿಯಲ್ಲಿ 1.35 ಕೆ.ಜಿ. ತೂಗುತ್ತದೆ. ತೂಕ ಏರುತ್ತಾ ಹೋದಂತೆ ಸತ್ತ್ವ ಇಳಿಯುತ್ತಾ ಹೋಗುತ್ತದೆ, ತೂಗಿ ಹಾಕುವವನಿಗೆ ಇದು ಗೊತ್ತಾಗುವುದೇ ಇಲ್ಲ. ಸುಣ್ಣದಲ್ಲಿ ನೂರಕ್ಕೆ 60 ಮಾತ್ರ ಸತ್ತ್ವ ಉಳಿದಿದ್ದರೆ 296ರ ಬದಲು 493 ಗ್ರಾಂ ಬೇಕಾಗುತ್ತದೆ, 30 ಮಾತ್ರ ಉಳಿದಿದ್ದರೆ 987 ಗ್ರಾಂ. ನಿಮ್ಮ ತಂದೆಯವರ 1 ಕೆ.ಜಿ. ಇಲ್ಲಿಗೆ ಬಂದು ನಿಂತಿತು. ಸುಣ್ಣ ಹೇಗೇ ಇರಲಿ, ಸಾಲದೆ ಬರಬಾರದು ಎಂಬ ಎಚ್ಚರದ ಲೆಕ್ಕ ಅದು.

ಸಾಲದೆ ಬಂದರೆ ಏನಾಗುತ್ತದೆ? ಪಿಯುಸಿ ವಿದ್ಯಾರ್ಥಿಗೆ ಮೇಲೆ ಹೇಳಿದ ಮಾತೇ. ಸುಣ್ಣ ಮೊದಲು ತೀರುತ್ತದೆ, ತಾಮ್ರ ಕರಗಿದ ಸ್ಥಿತಿಯಲ್ಲಿ ಉಳಿಯುತ್ತದೆ. ಆ ಬಿಡಿ ತಾಮ್ರ ಎಳೆಯ ಕಾಯಿಯನ್ನೂ ಎಲೆಯನ್ನೂ ಸುಡುತ್ತದೆ. ತಾಮ್ರ ಮೊದಲು ತೀರಿ ಸುಣ್ಣ ಮಿಕ್ಕರೆ ಗಿಡಕ್ಕೆ ಅಂಥ ಅಪಾಯವಿಲ್ಲ. ಎರಡು ತಪ್ಪುಗಳಲ್ಲಿ ಒಂದು ದುಬಾರಿ, ಒಂದು ಅಗ್ಗ. ಆದ್ದರಿಂದ ಸುಣ್ಣ ಮಿಗುವ ಕಡೆಗೇ ಲೆಕ್ಕ ವಾಲಿದೆ. ಹಾಗೆಂದು ಆಗಷ್ಟೇ ಸುಟ್ಟ ಒಳ್ಳೆಯ ಸುಣ್ಣವನ್ನೂ 1 ಕೆ.ಜಿ. ಸುರಿದರೆ ಬೇಕಾದದ್ದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚಾಗುತ್ತದೆ, ದ್ರಾವಣ ಅತಿಯಾಗಿ ಕ್ಷಾರವಾಗುತ್ತದೆ, ಸಿಂಪರಣೆಯ ಮೂತಿಯಲ್ಲಿ ಗಸಿ ಕಟ್ಟುತ್ತದೆ. ಮಗಳು ದಂಡ ಎಂದದ್ದು ಆ ಸುಣ್ಣದ ಮಟ್ಟಿಗೆ ನಿಜ.

ಇದನ್ನು ಬಗೆಹರಿಸುವ ಪರೀಕ್ಷೆ ನಿಮ್ಮ ಕೈಯಲ್ಲೇ ಇದೆ, ಅದೂ ಸಮೀಕರಣವೇ. ಸುಣ್ಣದ ಹಾಲನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿಟ್ಟು, ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿದ ಮೈಲುತುತ್ತವನ್ನು ಅದಕ್ಕೆ ಸುರಿಯುತ್ತಾ ಕಲಕಿ. ಅನಂತರ ಮರಳಿನಲ್ಲಿ ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಲಗು ಇದ್ದಂತೆಯೇ ಬಿಳುಪಾಗಿದ್ದರೆ ತಾಮ್ರವೆಲ್ಲ ಸುಣ್ಣದೊಡನೆ ಸೇರಿದೆ ಎಂದರ್ಥ. ಅಂಚಿನಲ್ಲಿ ಇಟ್ಟಿಗೆಯ ಬಣ್ಣದ ತೆಳು ಲೇಪ ಕಂಡರೆ ಬಿಡಿ ತಾಮ್ರ ಉಳಿದಿದೆ, ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂತಿದೆ. ಆಗ ಇನ್ನಷ್ಟು ಸುಣ್ಣದ ಹಾಲು ಸೇರಿಸಿ, ಕಲಕಿ, ಅಲಗನ್ನು ಮತ್ತೆ ಉಜ್ಜಿ ಅದ್ದಿ ನೋಡಬೇಕು. ನನ್ನ ವಿದ್ಯಾರ್ಥಿಗಳನ್ನು ಒಂದು ಜೂನ್ ತಿಂಗಳಲ್ಲಿ ತೋಟಕ್ಕೆ ಕರೆದೊಯ್ದು ಇದನ್ನು ತೋರಿಸಿದ್ದೆ. ಮೊದಲ ಸಲ ಅದ್ದಿದ ಕತ್ತಿಯ ಅಲಗು ಬೆರಳಗಲದಷ್ಟು ಕೆಂಪಾಗಿ ಬಂದಾಗ ಹುಡುಗರು ಅದನ್ನು ಕೈಯಿಂದ ಕೈಗೆ ದಾಟಿಸಿ, ಉಗುರಿನಿಂದ ಕೆರೆದು ನೋಡಿದರು. ಕಪ್ಪು ಹಲಗೆಯ ಮೇಲೆ ಎರಡು ವಾರ ಹೇಳಿದ್ದು ಅಲ್ಲಿ ಐದು ನಿಮಿಷದಲ್ಲಿ ಅವರ ಮನಸ್ಸಿಗೆ ಇಳಿಯಿತು.

ಕಬ್ಬಿಣದ ಡ್ರಮ್ ಬಳಸಬಾರದು ಎನ್ನುವುದೂ ಇದೇ ಕಾರಣಕ್ಕೆ. 1 ಕೆ.ಜಿ. ಮೈಲುತುತ್ತದ ಕರಗಿದ ತಾಮ್ರವೆಲ್ಲ ಕಬ್ಬಿಣದೊಡನೆ ವರ್ತಿಸಿದರೆ 224 ಗ್ರಾಂ ಕಬ್ಬಿಣ ಡ್ರಮ್ಮಿನಿಂದ ಕರಗಿಹೋಗಿ 254 ಗ್ರಾಂ ತಾಮ್ರ ಅದರ ಒಳಮೈಗೆ ಅಂಟುತ್ತದೆ. ಡ್ರಮ್ಮೂ ಹಾಳು, ಔಷಧಿಯೂ ಹಾಳು.

ಬೋರ್ಡೋ ದ್ರಾವಣ ದ್ರಾಕ್ಷಿಯ ರೋಗಕ್ಕೆಂದು ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ಹುಟ್ಟಿದ್ದು. ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದನ್ನು ಪ್ರಕಟಿಸಿದರು. ನಮ್ಮ ಅಡಿಕೆಗೆ ಅದನ್ನು ತಂದವರಲ್ಲಿ ಮುಖ್ಯರು ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿ, ಮಲೆನಾಡಿನ ಕೊಳೆರೋಗವನ್ನು ಅಭ್ಯಾಸಮಾಡಿದ ಕೆನಡಾದ ಲೆಸ್ಲಿ ಕೋಲ್ಮನ್. ಒಂದಕ್ಕೊಂದು ಎಂಬ ಸುಲಭದ ಪ್ರಮಾಣ ತಲೆಮಾರುಗಳ ಕಾಲ ತೋಟಗಳನ್ನು ಕಾಪಾಡಿದೆ. ಆದ್ದರಿಂದ ನನ್ನ ಉತ್ತರ ಓದಿ ಏಕಾಏಕಿ 300 ಗ್ರಾಂಗೆ ಇಳಿಯಬೇಡಿ. 1 ಕೆ.ಜಿ. ಸುಣ್ಣವನ್ನು ಅರಳಿಸಿ, ಸೋಸಿ ಇಟ್ಟುಕೊಂಡು, ಮೊದಲು ಅದರ ಅರ್ಧದಷ್ಟು ಹಾಲನ್ನು ಮಾತ್ರ ಬಳಸಿ, ಕತ್ತಿಯ ಪರೀಕ್ಷೆ ಮಾಡುತ್ತಾ ಉಳಿದದ್ದನ್ನು ಸೇರಿಸುತ್ತಾ ಹೋಗಿ. ಅಲಗು ಕೆಂಪಾಗುವುದು ನಿಂತ ಮೇಲೆ ಎಚ್ಚರಕ್ಕೆಂದು ಇನ್ನೂ ಸ್ವಲ್ಪ ಸೇರಿಸಿ, ಅಂದೇ ಸಿಂಪಡಿಸಿ ಮುಗಿಸಿ. ಎಷ್ಟು ಹಿಡಿಯಿತು ಎಂಬುದನ್ನು ಮಗಳು ಬರೆದಿಟ್ಟುಕೊಳ್ಳಲಿ. ಆ ಅಂಕೆಯಿಂದ 296ನ್ನು (ತೂಗಿದ್ದು ಅರಳಿಸದ ಸುಟ್ಟ ಸುಣ್ಣವಾದರೆ 224ನ್ನು) ಭಾಗಿಸಿದರೆ ನಿಮ್ಮ ಸುಣ್ಣದ ಸತ್ತ್ವ ಎಷ್ಟೆಂಬ ಅಂದಾಜು ಅವಳಿಗೆ ಸಿಗುತ್ತದೆ.

ಪ್ರಶ್ನೆ: ನಮ್ಮದು ಚಿಪ್ಪು ಸುಟ್ಟು ಸುಣ್ಣ ಮಾಡುವ ಮನೆತನ. 100 ಕೆ.ಜಿ. ಚಿಪ್ಪಿಗೆ 56 ಕೆ.ಜಿ. ಸುಣ್ಣ ಬರಬೇಕು ಎಂದು ಶಾಲೆಯ ಪುಸ್ತಕದಲ್ಲಿದೆ. ನಮಗೆ 62 ಕೆ.ಜಿ. ಬರುತ್ತದೆ. ಹೆಚ್ಚು ಬರುವುದು ಒಳ್ಳೆಯದೇ ಅಲ್ಲವೇ?
– ಕುಮಟಾ ತಾಲ್ಲೂಕಿನ ಓದುಗರು

ಉತ್ತರ: ದುರದೃಷ್ಟಕ್ಕೆ ಅಲ್ಲ. ಅಘನಾಶಿನಿ ಅಳಿವೆಯ ಚಿಪ್ಪಾಗಲಿ ಬೇರೆಡೆಯ ಸುಣ್ಣದ ಕಲ್ಲಾಗಲಿ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೋನೇಟ್. ಅದರ 100 ಭಾಗ ಪೂರ್ತಿ ಬೆಂದಾಗ 44 ಭಾಗ ಇಂಗಾಲದ ಡೈಆಕ್ಸೈಡಾಗಿ ಗಾಳಿಗೆ ಹೋಗಿ 56 ಭಾಗ ಸುಟ್ಟ ಸುಣ್ಣ ಉಳಿಯುತ್ತದೆ. ನಿಮ್ಮ ಗೂಡಿನಲ್ಲಿ 44ರ ಬದಲು 38 ಕೆ.ಜಿ. ಮಾತ್ರ ಹೋಗಿದೆ. 38ನ್ನು 44ರಿಂದ ಭಾಗಿಸಿದರೆ ನೂರಕ್ಕೆ 86 ಬರುತ್ತದೆ. ಚಿಪ್ಪು ಒಣಗಿದ್ದು ಶುದ್ಧವಾಗಿತ್ತು ಎಂದು ಹಿಡಿದರೆ ಸುಮಾರು 14 ಕೆ.ಜಿ. ಚಿಪ್ಪು ಬೇಯದೆ ಹಾಗೆಯೇ ಉಳಿದಿದೆ, 62ರಲ್ಲಿ ನಿಜವಾದ ಸುಣ್ಣ 48 ಕೆ.ಜಿ. ಅಷ್ಟೆ. ಚಿಪ್ಪಿನಲ್ಲಿ ತೇವವಿದ್ದಿದ್ದರೆ 38ರಲ್ಲಿ ನೀರಿನ ಪಾಲೂ ಸೇರಿರುವುದರಿಂದ ಬೇಯದೆ ಉಳಿದದ್ದು ಇನ್ನೂ ಹೆಚ್ಚಿರಬೇಕು. ಮುಂದಿನ ಸಲ ಚಿಪ್ಪನ್ನು ಚೆನ್ನಾಗಿ ಒಣಗಿಸಿ ತೂಗಿ, ಗೂಡಿನ ಮೇಲ್ಪದರದಿಂದಲೂ ನಡುವಿನಿಂದಲೂ ಬೇರೆ ಬೇರೆಯಾಗಿ ಒಂದೊಂದು ಹಿಡಿ ಸುಣ್ಣ ತೆಗೆದು ನೀರಿಗೆ ಹಾಕಿ ನೋಡಿ. ಬೆಂದದ್ದು ಸುಯ್ಯೆಂದು ಬಿಸಿಯಾಗಿ ಅರಳುತ್ತದೆ, ಬೇಯದ್ದು ತಳದಲ್ಲಿ ಚಿಪ್ಪಾಗಿಯೇ ಕೂರುತ್ತದೆ. ಯಾವ ಪದರದ್ದು ಹೆಚ್ಚು ಕೂತಿತೋ ಅಲ್ಲಿಗೆ ಬೆಂಕಿ ಸಾಲುತ್ತಿಲ್ಲ.